ದಕ್ಕೆಯ ಕೊನೆಯ ಮೆಟ್ಟಿಲು

ಗಂಗೊಳ್ಳಿಯ ದಕ್ಕೆಯಲ್ಲಿ ದೋಣಿಗೆ ಇಳಿಯುವ ಕೊನೆಯ ಮೆಟ್ಟಿಲಲ್ಲಿ ಹರಿಣಾಕ್ಷಿಯ ಬಲಮಂಡಿ ಕುಸಿಯಿತು. ದೋಣಿ ನಡೆಸುವ ದೇವು ಥಟ್ಟನೆ ಅವಳ ಕೈ ಹಿಡಿದ.

"ಬಿಡಿ ಕೈ! ನಾನೆಂತ ಮುದ್ಕಿಯಾ?"

ದೋಣಿಯಲ್ಲಿದ್ದವರು ನಕ್ಕರು. ದೇವು ನಗಲಿಲ್ಲ.

ಮರುದಿನದಿಂದ ಅವಳು ಬಸ್ಸು ಹಿಡಿದಳು. ಹೊಳೆಯಾಚೆಗೇ ಇದ್ದ ಕುಂದಾಪುರಕ್ಕೆ ತ್ರಾಸಿಯ ಮೇಲೆ ಸುತ್ತು ದಾರಿ. ಆದರೆ ಬಸ್ಸಿನಲ್ಲಿ ಹಿಡಿದುಕೊಳ್ಳಲು ಕಂಬಿಯಿತ್ತು. ಅಲ್ಲಿನ ಹಂಚಿನ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದು, ಐವತ್ತೈದು ವಯಸ್ಸಿನವರೆಗೂ ಒಂಟಿಯಾಗಿ ಬಾಳಿದವಳಿಗೆ ಕಂಬಿಯೇ ಸಾಕಿತ್ತು. ಅವಳು ಕೂರುವ ಹಲಗೆಯನ್ನು ದೇವು ದಿನಾ ಹೆಗಲ ಬೈರಾಸಿನಿಂದ ಒರೆಸಿಡುತ್ತಿದ್ದುದು ಮಾತ್ರ ಮರೆಯುತ್ತಿರಲಿಲ್ಲ.

"ಮಂಡಿ ಸವೆತ," ಎಂದಳು ಕುಂದಾಪುರದ ಫಿಸಿಯೋಥೆರಪಿಸ್ಟ್ ವಿನಯಾ. ಕುರ್ಚಿಯಲ್ಲಿ ಕೂತು ಕಾಲನ್ನು ನಿಧಾನವಾಗಿ ನೇರ ಮಾಡಿ, ಐದು ಎಣಿಸಿ ಇಳಿಸಬೇಕು. ಮಲಗಿ, ಮಂಡಿಯಡಿ ಇಟ್ಟ ಸುರುಳಿ ಟವೆಲನ್ನು ಒತ್ತಬೇಕು. ಒಂದೊಂದೂ ಹತ್ತು ಸಲ.

"ನೋವಾತ್ತ್, ವಿನಯಾ."

"ಚೂರ್ ಆತ್ತ್. ಜಾಸ್ತಿ ಆರೆ ನಿಲ್ಸಿ. ತೊಡೆ ಗಟ್ಟಿ ಆರೆ ಮಂಡಿಗ್ ಭಾರ ಕಮ್ಮಿ." ಅವಳ ಕಣ್ಣಲ್ಲಿ ತುಂಟತನ ಮಿನುಗಿತು. "ಅಕ್ಕಾ, ನಾನ್ ದಿನಾ ದೋಣಿಯಗೇ ಬಪ್ಪುದ್. ದೇವಣ್ಣ ನಿಮ್ಮನ್ ಕೇಂತ್ರ್."

"ಎಂತ ಕೇಂತ್ರ್?"

"'ಕೈ ಹಿಡ್ದದ್ ತಪ್ಪಾಯ್ತಾ' ಅಂದೇಳಿ. ಮಳಿ ಹಿಡ್ದ್ ದೋಣಿ ನಿಂತ್ರೆ ಬೈಂದೂರಿಗ್, ಅಣ್ಣನ ಅಂಗ್ಡಿಗ್ ಹೋತ್ರಂಬ್ರ್. ಮತ್ತೆ ಬತ್ರಿಲ್ಲೆ."

ಮಳೆ ಹಿಡಿದರೆ ದೇವು ಊರು ಬಿಟ್ಟೇ ಹೋಗುತ್ತಾನೆ. ಹರಿಣಾಕ್ಷಿಯ ಎಣಿಕೆ ಮೂರಕ್ಕೇ ತಪ್ಪಿತು.

ಹೋಗಿ ಮಂಡಿಯ ನಿಜ ಹೇಳಬಹುದಿತ್ತು. ಆದರೆ ಬೀಳುವ ಭಯಕ್ಕೆ ಕೈ ಕೇಳಲು ಬಂದಳು ಎಂದು ಅವನಿಗೆ ಅನಿಸಬಾರದು. ಅವಸರಕ್ಕೆ ಬಿದ್ದು ಒಂದು ದಿನ ಮೂವತ್ತು ಸಲ ಮಾಡಿ, ಮಂಡಿ ಊದಿಸಿಕೊಂಡು, ವಿನಯಾಳಿಂದ ಬೈಸಿಕೊಂಡಳು. ವಾರವೇ ಹೋಯಿತು. ಆಕಾಶದಲ್ಲಿ ಮೋಡ ಕಂಡರೆ ಮಳೆಗೆ ಉಳಿದ ದಿನ ಎಣಿಸುತ್ತಿದ್ದಳು. ಮತ್ತೆ ಹತ್ತರಿಂದ ಶುರು. ಮೇ ತಿಂಗಳು ಮುಗಿಯುವ ಹೊತ್ತಿಗೆ, ಕೈಯೂರದೆ ಕುರ್ಚಿಯಿಂದ ಎದ್ದಳು.

ಮರುದಿನ ಬೆಳಿಗ್ಗೆ ದಕ್ಕೆಗೆ ಬಂದಳು. ಅವಳನ್ನು ಕಂಡದ್ದೇ ದೇವು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಒಂದೊಂದೇ ಮೆಟ್ಟಿಲು ಇಳಿದು, ಕೊನೆಯದರಲ್ಲಿ ನಿಂತಳು.

"ಹ್ವಾಯ್, ಕೈ ಕೊಡಿ."

ಅವನು ಗಾಬರಿಯಾದ. "ಮಂಡಿ ನೋವಾ?"

"ಮಂಡಿ ನೋವಿಗೇ ಆವತ್ತ್ ಹಾಂಗ್ ಬೈದದ್, ನಿಮ್ಮ್ ಮೇಲ್ ಸಿಟ್ಟಲ್ಲ. ಇವತ್ತ್ ನೋವಿಲ್ಲೆ. ಅದ್ಕೇ ಕೈ ಕೇಂಡದ್."

ದೇವು ಬೈರಾಸಿಗೆ ಕೈ ಒರೆಸಿದ. ಮತ್ತೊಮ್ಮೆ ಒರೆಸಿದ. ಆಮೇಲೆ ಚಾಚಿದ. ಅವಳು ಅದನ್ನು ಹಿಡಿದು ದೋಣಿಗಿಳಿಯುತ್ತ ಕೇಳಿದಳು.

"ಬೈಂದೂರಿಗ್ ಹೋತ್ರಂಬ್ರಲೆ?"

"ಇನ್ನೆಂತಕ್ಕೆ ಹೋಪುದ್?"

ದೋಣಿಯಲ್ಲಿದ್ದವರು ಈ ಸಲವೂ ನಕ್ಕರು. ಹರಿಣಾಕ್ಷಿ ಹಲಗೆಯ ಮೇಲೆ ಕೂತಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.