ಡ್ರೋನ್ ತಿರುಗಿಸಲು ಇಬ್ಬರು ಬೇಕು

“ಆ ಮಾರಿಕುಪ್ಪಂ ಹುಡುಗ ರಸ್ತೇಲಿ ಮುಟ್ಟಿದ್ಮೇಲೇ ಈ ಮಿಷಿನ್ನು ಕೆಟ್ಟಿದ್ದು!” ಕ್ಯಾಸಂಬಳ್ಳಿಯ ನಮ್ಮ ಟೊಮೇಟೊ ತೋಟದ ಬದುವಿನ ಮೇಲೆ ನಿಂತು, ಅಮ್ಮನಿಗೂ ನೋಡಲು ಸೇರಿದ್ದ ಅಕ್ಕಪಕ್ಕದ ತೋಟದವರಿಗೂ ಕೇಳುವಂತೆ ಹೇಳಿದರು ಅಶ್ವತ್ಥಪ್ಪ ಮಾವ.

ನನಗೆ ಮೈಯೆಲ್ಲ ಉರಿಯಿತು. ಆ ತಮಿಳು ಹುಡುಗನಿಗೆ ಸೆಲ್ವರಾಜ್ ಅಂತ ಹೆಸರಿದೆ. ಬಂಗಾರಪೇಟೆಯ ತರಬೇತಿಯಲ್ಲಿ ನನಗೆ ಡ್ರೋನ್ ಹಾರಿಸಲು ಕಲಿಸಿದವನು. ಕಲಿಸುವಾಗ ಆಕಾಶ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಕೇಳಿದರೆ, “ಸಿಗ್ನಲ್ ಚೆಕ್ ಮಾಡ್ತಿದ್ದೆ,” ಅನ್ನುತ್ತಿದ್ದ. ಅಪ್ಪ ಹೋದಮೇಲೆ ನಮ್ಮ ಮನೆಯಲ್ಲಿ ಅಮ್ಮನ ಅಣ್ಣನಾದ ಈ ಮಾವನದೇ ದರ್ಬಾರು. ಸೆಲ್ವನನ್ನೇ ಮದುವೆಯಾಗುತ್ತೇನೆ ಎಂದು ನಾನು ಬಾಯಿಬಿಟ್ಟ ದಿನವೇ, ಅವನು ನಮ್ಮ ತೋಟಕ್ಕೆ ಕಾಲಿಡಕೂಡದು ಎಂದು ಅಪ್ಪಣೆಯಾಯಿತು.

ಇವತ್ತು ಅವನು ರಸ್ತೆಯಲ್ಲೇ ಬೈಕಿಗೆ ಒರಗಿ ನಿಂತಿದ್ದ. ಔಷಧಿ ಹೊಡೆಯಬೇಕಾದ ಡ್ರೋನ್ ನೇರ ಹೋಗದೆ ಗಾಳಿಯಲ್ಲೇ ಗಿರಗಿರ ಸುತ್ತುತ್ತಿತ್ತು. ಹೇಗೋ ಇಳಿಸಿದೆ. ಪರದೆಯ ಮೇಲೆ ಕೆಂಪಕ್ಷರ: ಕಂಪಾಸ್ ಎರರ್. ರಸ್ತೆಗೂ ಕೇಳುವಂತೆ ಜೋರಾಗಿ ಓದಿದೆ.

“ಇಂದ್ರಾಣಿ, ಅದರತ್ರ ಕಬ್ಬಿಣ ಏನಾದ್ರೂ ಇದ್ಯಾ ನೋಡು!” ಸೆಲ್ವ ಕೂಗಿದ. “ಕಬ್ಬಿಣ ಇದ್ರೆ ಕಂಪಾಸಿಗೆ ದಿಕ್ಕು ಗೊತ್ತಾಗಲ್ಲ.”

ಬೆಳಿಗ್ಗೆ ಪೂಜೆಯಲ್ಲಿ ಮಾವ ಕಟ್ಟಿದ ಕರಿಬಟ್ಟೆಯ ಗಂಟು ಕಂಪಾಸಿನ ಪಕ್ಕದಲ್ಲೇ ತೂಗುತ್ತಿತ್ತು. ಒಳಗೆ ನಿಂಬೆಹಣ್ಣಿದೆ ಅಂದುಕೊಂಡಿದ್ದೆ. ಬಿಚ್ಚಿದರೆ ಕುದುರೆ ಲಾಳ!

“ದೃಷ್ಟಿ ಆಗ್ದಿರ್ಲಿ ಅಂತ ಕಟ್ದೆ ಕಣಮ್ಮ,” ಮಾವನ ದನಿ ಇಳಿಯಿತು. ಯಾರೋ ಕಿಸಕ್ಕನೆ ನಕ್ಕರು.

ಈಗ ಕಂಪಾಸನ್ನು ಹೊಸದಾಗಿ ಹೊಂದಿಸಬೇಕು. ಇಷ್ಟು ದೊಡ್ಡ ಡ್ರೋನನ್ನು ಇಬ್ಬರು ಎರಡು ಕಡೆ ಹಿಡಿದೆತ್ತಿ ಪೂರ್ತಿ ಸುತ್ತು ತಿರುಗಿಸಬೇಕು. ಮಾವ ತೋಳು ಮಡಚುತ್ತಾ ಮುಂದೆ ಬಂದರು.

“ನೀವು ಬ್ಯಾಡಿ ಮಾವ,” ಅಂದೆ. “ಸೆಲ್ವಾ, ಬಾ.”

“ಅವ್ನು ಒಳಕ್ಕೆ ಬಂದ್ರೆ ನೀನು ಮನೆ ಒಸ್ಲು ತುಳೀಬ್ಯಾಡ!”

ಸೆಲ್ವ ಹಿಂಜರಿದ. “ವೇಣಾಂ, ಬೇಡ ಇಂದ್ರಾಣಿ, ನನ್ನಿಂದ ಮನೆ ಕಳ್ಕೋಬೇಡ.”

“ಪ್ರೀತಿ ಮಾಡೋವಾಗ ಕೇಳಿದ್ಯೇನೋ ಇದನ್ನ? ಬಾರೋ!”

ಫೋನು, ಕೀ ಎಲ್ಲ ಬೈಕಿನ ಮೇಲಿಟ್ಟು ಬದು ದಾಟಿ ಬಂದ. ಎದುರುಬದುರು ನಿಂತು ಎತ್ತಿದೆವು. ಒಬ್ಬರ ಹೆಜ್ಜೆ ಇನ್ನೊಬ್ಬರು ನೋಡಿಕೊಂಡು ನಿಧಾನ ಸುತ್ತಿದೆವು.

“ಮದ್ವೇಲಿ ಸುತ್ತಿದಂಗೆ ಸುತ್ತವ್ರೆ ನೋಡು,” ಎಂದಳು ಪಕ್ಕದ ತೋಟದ ಕದಿರಮ್ಮ.

“ಅಂಗೇ ಅನ್ಕೊಳ್ಳಿ!” ಅಂದೆ, ಮಾವನಿಗೂ ಕೇಳುವಷ್ಟು ಜೋರಾಗಿ.

ಡ್ರೋನ್ ಈಗ ಸಾಲು ಹಿಡಿದು ನೇರ ಹೋಯಿತು. ಮಾವ ಟವೆಲ್ ಕೊಡವಿ ಅಮ್ಮನ ಕಡೆ ತಿರುಗಿದರು. “ಒಸ್ಲು ತುಳೀಬ್ಯಾಡ ಅಂತ ನೀನೂ ಏಳಮ್ಮ ನಿನ್ನ ಮಗ್ಳಿಗೆ.”

ಅಣ್ಣನಿಗೆ ಒಂದು ದಿನವೂ ಎದುರಾಡದ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಆ ಒಸ್ಲು ನಂದು ಕಣಣ್ಣ. ಇಂದ್ರಾಣಿ, ಅಳಿಯಂದ್ರಿಗೆ ರಾಗಿಮುದ್ದೆ ಆಯ್ತದಾ ಕೇಳೇ.”