ಉಸಿರೆಳೆದು ಹೇಳುವ ಹೌದು

ದೂರದ ಉತ್ತರದ ಚಳಿನಾಡಿನ ಉಮೆಯೊ ನಗರದ ಆಸ್ಪತ್ರೆಯ ವರಾಂಡದಲ್ಲಿ ಸೆನಾಯಿತ್ ಡಾಕ್ಟರ್ ಬ್ರೆಂಡೆಲ್‌ರನ್ನು ಕಾಲಿಗೆ ಮೆತ್ತಿದ ಕೆಸರಿನಂತೆ ನೋಡಿದಳು.

"ನಿಮ್ಮ ತಾಯಿಗೆ ಉಸಿರಾಟದ ತೊಂದರೆ. ಸೊಂಟದ ಆಪರೇಷನ್ ಸದ್ಯಕ್ಕಿಲ್ಲ. ನೋವಾ ಅಂದ್ರೂ ಏದುಸಿರು, ಊಟ ಆಯ್ತಾ ಅಂದ್ರೂ ಏದುಸಿರು!"

"ಅದು ಏದುಸಿರಲ್ಲ, ಡಾಕ್ಟ್ರೇ. ಎರಿಟ್ರಿಯಾದಲ್ಲಿ ನಾವು ಹೌದು ಅನ್ನೋದೇ ಹಾಗೆ, ಸರಕ್ಕನೆ ಉಸಿರು ಒಳಗೆಳ್ಕೊಂಡು. ಒಂದ್ಸಲ ದುಭಾಷಿನ ಕರೆಸಿದ್ರೆ ನಿಮ್ಮ ಕಿರೀಟ ಬಿದ್ದು ಹೋಗ್ತಿತ್ತಾ?"

"ರೋಗಿಗಳ ಮಕ್ಕಳೆಲ್ಲ ಹೀಗೇ ಹೇಳ್ತಾರಮ್ಮ," ಎಂದು ನಕ್ಕು ಡಾಕ್ಟರ್ ವಾರ್ಡಿನೊಳಗೆ ಹೋದರು.

ಗೋಡೆಗೊರಗಿದ್ದ ನರ್ಸ್ ಈಸಾಕ್ ತಲೆ ತಗ್ಗಿಸಿದ. ಅಮ್ಮನ ದಿಂಬು ಸರಿಪಡಿಸುವ ನೆಪದಲ್ಲಿ ಅವನ ಕಣ್ಣು ಎಲ್ಲೆಲ್ಲಿ ಸುಳಿಯುತ್ತದೆಂದು ಸೆನಾಯಿತ್ ಬಲ್ಲಳು. ಆ ಕಣ್ಣಿಗೆ ಸಿಗಲೆಂದೇ ಅವಳು ಬಿಳಿ ಶಾಲನ್ನು ಮತ್ತೆ ಮತ್ತೆ ಹೊದೆಯುತ್ತಾಳೆಂದು ಅವನೂ ಬಲ್ಲ.

"ನೀನು ಈ ಊರಿನವನೇ ಅಲ್ವಾ? ನಿಮ್ಮಜ್ಜಿ ಹೌದು ಅನ್ನೋದು ಹೇಗೆ?"

"ಹೀಗೇ, ಉಸಿರೆಳ್ಕೊಂಡೇ. ನಾನೂ ಹೀಗೇ."

"ನಿಮ್ಮೋರು ಮಾಡಿದ್ರೆ ಅಭ್ಯಾಸ, ನಮ್ಮೋರು ಮಾಡಿದ್ರೆ ಕಾಯಿಲೆ! ಗೊತ್ತಿದ್ದೂ ಸುಮ್ನಿದ್ಯಲ್ಲ?"

"ಅವರು ದೊಡ್ಡ ಡಾಕ್ಟರು, ಸೆನಾಯಿತ್."

"ಬಾಯಿ ಹೊಲ್ಕೊಂಡವನ ಕಣ್ಣು ಎಷ್ಟು ಚಂದ ಇದ್ರೇನು? ಥೂ!"

ಒಳಗೆ ಅಮ್ಮ, ಲೆತೆಬ್ರಹಾನ್, ಆಕ್ಸಿಜನ್ ಮಾಸ್ಕನ್ನು ಸರಿಸಿ ಮೆಲ್ಲಗೆ ಕೀರ್ತನೆಯ ಸಾಲುಗಳನ್ನು ಪಠಿಸುತ್ತಿದ್ದಳು. ಒಂದು ಉಸಿರಿಗೆ ಒಂದು ಸಾಲು, ಎಲ್ಲಿಯೂ ಎಡವಿಲ್ಲ. ಸುತ್ತ ನಿಂತ ವಿದ್ಯಾರ್ಥಿಗಳಿಗೆ ಬ್ರೆಂಡೆಲ್ ಆಕೆಯ ಎದೆಯ ತೊಂದರೆಯನ್ನು ವಿವರಿಸುತ್ತಿದ್ದರು.

ಈಸಾಕ್ ಬಾಗಿಲು ದೂಡಿ ಒಳಬಂದ. ಕಿವಿಗಳು ಕೆಂಪಾಗಿದ್ದವು.

"ಡಾಕ್ಟ್ರೇ, ನಾನು ನರ್ಸಾ ಅಂತ ಕೇಳಿ."

"ಇದೇನು ನಾಟಕ? ಸರಿ, ನೀನು ನರ್ಸಾ?"

ಈಸಾಕ್ ಸರಕ್ಕನೆ ಉಸಿರೆಳೆದ. "ನಂಗೂ ಆಕ್ಸಿಜನ್ ಹಾಕ್ತೀರಾ?"

ಒಬ್ಬ ವಿದ್ಯಾರ್ಥಿನಿ ಕಿಸಕ್ಕೆಂದಳು. ಬ್ರೆಂಡೆಲ್ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೂ ಸಂಜೆಯೊಳಗೆ ದುಭಾಷಿ ಬಂದ; ಮರುದಿನವೇ ಅಮ್ಮನನ್ನು ಆಪರೇಷನ್‌ಗೆ ಕರೆದೊಯ್ದರು.

ಹೊರಗೆ ಕಾಯುತ್ತಿದ್ದ ಸೆನಾಯಿತ್ ಎದುರು ಈಸಾಕ್ ಬಂದು ನಿಂತ.

"ನನ್ನನ್ನ ಬೇರೆ ವಾರ್ಡಿಗೆ ಹಾಕಿದಾರೆ."

"ಒಳ್ಳೇದಾಯ್ತು."

"ನಂಗೆ ನೀನಂದ್ರೆ ಪ್ರೀತಿ. ಇದನ್ನೂ ತಡವಾಗೇ ಹೇಳ್ತಿದೀನಿ."

ಅವಳು ಅವನನ್ನು ಮೇಲಿಂದ ಕೆಳಗೆ ಅಳೆದಳು. ತುಟಿಯಂಚಿನ ತಾತ್ಸಾರ ಹಾಗೇ ಇತ್ತು. ಕಣ್ಣು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು.

"ಕೂತ್ಕೋ," ಎಂದಳು. "ಬೈಯೋದು ಇನ್ನೂ ಬಹಳ ಇದೆ."