ಅವನ ಪಾಲಿನ ಮಾತು

ಮಾಯಾಳಿಗೆ ಜೋರಾಗಿ ಓದಲು ಜಾಗವಿರಲಿಲ್ಲ.

ಪುಣೆಗೆ ಗಾರೆ ಕೆಲಸಕ್ಕೆ ಬಂದ ಮನೆಯವರು. ಒಂದೇ ಕೋಣೆ. ಅವಳು ನರ್ಸ್. ಜರ್ಮನ್ ಪರೀಕ್ಷೆ ಪಾಸಾದರೆ ಜರ್ಮನಿಯಲ್ಲಿ ಕೆಲಸ ಗ್ಯಾರಂಟಿ.

ಸ್ವಾರಗೇಟ್ ಬಸ್‌ಸ್ಟ್ಯಾಂಡಿನ ಹತ್ತಿರದ ಜರ್ಮನ್ ಕ್ಲಾಸಿಗೆ ಶಮಂತ್ ಸೇರಿದ ದಿನ, ದೇವಾನಂದ ಸರ್ ಬೋರ್ಡಿನ ಮೇಲೆ ಒಂದು ಪದ ಬರೆದರು. ಯೂಬರ್‌ಫ್ಯೂಲ್ಟ್.

"ಹಿಡಿಸುವುದಕ್ಕಿಂತ ಹೆಚ್ಚು ತುಂಬಿದ್ದು. ವಾಕ್ಯದ ಕೊನೆಗೆ ಬಂದರೆ ಹೀಗೇ. ನಾಮಪದದ ಮುಂದೆ ಬಂದರೆ ಬಾಲ ಹಚ್ಚಬೇಕು. ಒಂದು ವಾಕ್ಯ ಯಾರು ಹೇಳ್ತೀರಿ?"

ಮಾಯಾ ಎದ್ದಳು. "ನಮ್ಮ ಕೋಣೆ ಯೂಬರ್‌ಫ್ಯೂಲ್ಟ್. ಏಳು ಮಂದಿ ಅದೀವ್ರಿ."

ಹಿಂದಿನಿಂದ ಜೋರು ನಗು! ತಿರುಗಿದಳು. ಮಂಡ್ಯದ ಹೊಸ ನರ್ಸ್, ಶಮಂತ್.

'ನಗು... ನಿನಗೂ ಒಂದಿನ ಬರ್ತದ!'

ಮಾತಿನ ಪರೀಕ್ಷೆ ಇಬ್ಬಿಬ್ಬರಿಗೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು. ಅಂಕ ಮಾತ್ರ ಬೇರೆ ಬೇರೆ.

"ನನ್ನ ಜೋಡಿ ಆಗ್ತೀರಾ ಮಾಯಾ?" ಅವನೇ ಕೇಳಿದ.

"ಆಗ್ತೀನ್ರಿ," ಅಂದಳು. ತಕ್ಷಣ!

ಮೂರು ತಿಂಗಳು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅಭ್ಯಾಸ. ತನ್ನ ಸಾಲು, ಅವನ ಸಾಲು, ಎರಡೂ ಬಾಯಿಪಾಠ ಮಾಡಿದಳು. ಒಮ್ಮೊಮ್ಮೆ ಅವನ ಮುಖ ನೋಡುತ್ತ ಸಿಟ್ಟು ಮರೆಯುತ್ತಿದ್ದಳು... ಮತ್ತೆ ಆ ನಗು ಕಿವಿಗೆ ಬಡಿಯುತ್ತಿತ್ತು.

ಪರೀಕ್ಷೆಯಲ್ಲಿ ಅವಳು ಅವನ ಪಾಲಿನ ಮಾತನ್ನೂ ತಾನೇ ಆಡಿಬಿಟ್ಟಳು. ಒಂದೊಂದಾಗಿ, ನಿಲ್ಲದೆ. ಅವನು ಬಾಯಿ ತೆರೆದ. ಏನೂ ಉಳಿದಿರಲಿಲ್ಲ.

ಅವಳು ಪಾಸು. ಅವನು ಫೇಲು. ಅಂದುಕೊಂಡಷ್ಟು ಖುಷಿ ಆಗಲಿಲ್ಲ.

"ಬೇಕಂತಲೇ ಮಾಡೀನಿ," ಎಂದಳು, ಅದೇ ಬೆಂಚಿನ ಮೇಲೆ. "ಏಳು ಮಂದಿ ಅಂದಾಗ ನಕ್ಕಿದ್ದಿ ನೀ!"

ಶಮಂತ್ ಅವಳ ಕಡೆ ತಿರುಗಿದ.

"ಆವತ್ತಾ? ನಮ್ಮ ಪಿಜಿ ರೂಮಲ್ಲಿ ಎಂಟು ಜನ, ಮಾರಾಯ್ತಿ! ನಾನೇ ಗೆದ್ದೆ ಅಂತ ನಕ್ಕೆ."

"...ಆವತ್ತೇ ಹೇಳಾಕ ಏನಾಗಿತ್ತು?"

"ನೀನು ಕೇಳಿದ್ಯಾ?"

ಅವಳು ಅವನ ಹತ್ತಿರ ಸರಿದಳು. "ಜರ್ಮನಿಗೆ ಹೋಗೋ ಈ ಬ್ಯಾಚ್ ನಾನೂ ಬಿಡ್ತೀನಿ. ನೀ ಪಾಸಾದ ಮ್ಯಾಲ ಕೂಡೇ ಹೋಗೋಣು."

"ಬೇಡ. ನೀನು ಹೋಗು. ಪ್ರೀತಿ ಇದೆ ಅಂತಾನೇ ಹೇಳ್ತಿದೀನಿ."

"ಪ್ರೀತಿ...? ಹಂಗಾದ್ರ ಕ್ಷಮಿಸೀಯೇನು?"

"ಇಲ್ಲ. ಇನ್ನೂ ಸಿಟ್ಟಿದೆ. ಕೈ ಕೊಡು."

ಕೊಟ್ಟಳು.

"ಭಾಳ ದಿನ ಇರ್ತದೇನು, ಸಿಟ್ಟು?"

"ದಿನಾ ಫೋನ್ ಮಾಡು. ಹೇಳ್ತೀನಿ."

ವೀಸಾ ಬಂದ ಮೇಲೆ ಅವಳು ಒಬ್ಬಳೇ ವಿಮಾನ ಹತ್ತಿದಳು. ಅವನಿಗೆ ಹೋದದ್ದು ಒಂದು ಪರೀಕ್ಷೆ, ಒಂದು ಕೆಲಸ. ಅವನು ಮತ್ತೆ ಬರೆದು, ಪಾಸಾಗಿ, ಅವಳಿದ್ದಲ್ಲಿಗೆ ಬರುವಷ್ಟರಲ್ಲಿ ಇಬ್ಬರಿಗೂ ಸೇರಿ ಹೋದದ್ದು ಎಂಟು ತಿಂಗಳು.